ಗಿಡ್ಡ ರೈಫಲ್ ಬೇಕೆನ್ನುವವರು ಮೊದಲು ನೋಡಬೇಕಾದದ್ದು

ಹವ್ಯಾಸಕ್ಕೆಂದು ಗುರಿ ಹೊಡೆಯುವವರಲ್ಲಿ, ಪಿಸ್ತೂಲಿನ 9 ಮಿ.ಮೀ. ತೋಟಾವನ್ನೇ ಬಳಸುವ ಕಾರ್ಬೈನ್ ಎಂಬ ಗಿಡ್ಡ ರೈಫಲ್‌ಗಳಿಗೆ ಕೆಲವು ದೇಶಗಳಲ್ಲಿ ತುಂಬ ಬೇಡಿಕೆಯಿದೆ. ಪಿಸ್ತೂಲಿನ ತೋಟಾದಲ್ಲಿ ಮದ್ದು ಕಡಿಮೆ. ಅದು ಬೇಗ ಉರಿದು ಮುಗಿಯುವುದರಿಂದ ನಳಿಕೆಯನ್ನು ಸುಮಾರು 40 ಸೆಂ.ಮೀ.ಗಿಂತ ಉದ್ದ ಮಾಡಿದರೂ ಗುಂಡಿನ ವೇಗ ಹೆಚ್ಚೇನೂ ಏರುವುದಿಲ್ಲ. ನಮ್ಮ ದೇಶದಲ್ಲಿ 9 ಮಿ.ಮೀ. ಬೋರ್ (ನಳಿಕೆಯ ಒಳವ್ಯಾಸ) ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಹಾಗಾಗಿ ಹುಬ್ಬಳ್ಳಿ-ಧಾರವಾಡದ ಹವ್ಯಾಸಿಗೆ ಉಳಿಯುವ ಸುಲಭದ ದಾರಿ ಮದ್ದಿನ ಬದಲು ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್. ನಳಿಕೆಯ ಬೋರ್ 4.5 ಮಿ.ಮೀ. ಮೀರದೆ, ಪೆಲೆಟ್ಟಿನ (ಅದರ ಪುಟ್ಟ ಗುಂಡಿನ) ಶಕ್ತಿ 20 ಜೂಲ್ ದಾಟದೆ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅದಕ್ಕೆ ಲೈಸೆನ್ಸ್ ಬೇಡ. ಇಲ್ಲಿಯೂ ಜನ ಮೊದಲು ಕೇಳುವುದು ಗಿಡ್ಡದ್ದನ್ನೇ. ಆದರೆ ಗಿಡ್ಡದಾದರೆ ಏನು ಕಳೆದುಕೊಳ್ಳುತ್ತೇವೆ ಎಂಬುದು ಬಂದೂಕಿನ ಒಳಗಿನ ಯಂತ್ರವನ್ನು ಅವಲಂಬಿಸಿದೆ.

ಸಿದ್ಧಾರೂಢರ ಜಾತ್ರೆಯಂಥ ಕಡೆ ಬಲೂನು ಹೊಡೆಯುವ ಅಂಗಡಿಗಳಲ್ಲಿ ಕಾಣುವುದು ಸಾಮಾನ್ಯವಾಗಿ ಸ್ಪ್ರಿಂಗ್ ಬಂದೂಕು. ಅಂಗಡಿಯವನು ನಳಿಕೆಯನ್ನು ಹಿಡಿದು ಕೆಳಕ್ಕೆ ಮಡಚಿದಾಗ ಒಳಗಿನ ಪಿಸ್ಟನ್ ಹಿಂದೆ ಸರಿದು, ದಪ್ಪನೆಯ ಸ್ಪ್ರಿಂಗ್ ಅದುಮಿಕೊಂಡು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಎಳೆದೊಡನೆ ಪಿಸ್ಟನ್ ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಕ್ಷಣಮಾತ್ರದಲ್ಲಿ ಒತ್ತುವುದರಿಂದ ಆ ಗಾಳಿ ನೂರಾರು ಡಿಗ್ರಿ ಕಾಯುತ್ತದೆ. ಪೆಲೆಟ್ಟನ್ನು ತಳ್ಳುವುದು ಈ ಕಾದ ಗಾಳಿಯೇ. ಗಾಳಿಯ ಪ್ರಮಾಣ ಅತ್ಯಲ್ಪವಾದ್ದರಿಂದ ನಳಿಕೆಯ ಮೊದಲ 25 ಸೆಂ.ಮೀ. ಆಸುಪಾಸಿನಲ್ಲೇ ತಳ್ಳುವ ಕೆಲಸ ಬಹುತೇಕ ಮುಗಿದಿರುತ್ತದೆ. ನಳಿಕೆಯ ಉಳಿದ ಉದ್ದ ಮುಖ್ಯವಾಗಿ ಮಡಚುವಾಗ ಸನ್ನೆಗೋಲಾಗಿ ನೆರವಾಗುತ್ತದೆ. ಆದ್ದರಿಂದ ಗಿಡ್ಡ ಸ್ಪ್ರಿಂಗ್ ರೈಫಲ್ಲಿನಲ್ಲಿ ವೇಗದ ನಷ್ಟ ಕಡಿಮೆ, ತೋಳಿಗೆ ಶ್ರಮ ಹೆಚ್ಚು. ಹತ್ತಾರು ಸಲ ಮಡಚಿದ ಮೇಲೆ ಕೈ ಸೋತು ಗುರಿ ನಡುಗುವುದು ಅಂಗಡಿಯಲ್ಲಿ ಒಮ್ಮೆ ಹಿಡಿದು ನೋಡಿದರೆ ತಿಳಿಯುವುದಿಲ್ಲ.

ಇದೇ ಯಂತ್ರದಲ್ಲಿ ಇನ್ನೊಂದು ಸಂಗತಿ ಇದೆ, ಹೊಸಬರನ್ನು ಹೆಚ್ಚು ಕಾಡುವುದು ಅದೇ. ಪಿಸ್ಟನ್ ಮುಂದಕ್ಕೆ ಹೋಗುವಾಗ ಬಂದೂಕು ಹಿಂದಕ್ಕೆ ಸರಿಯುತ್ತದೆ. ದಟ್ಟೈಸಿದ ಗಾಳಿಗೆ ಎದುರಾಗಿ ಪಿಸ್ಟನ್ ನಿಂತಾಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ಶುರುವಾಗುವ ಹೊತ್ತಿಗೆ ಪೆಲೆಟ್ ಇನ್ನೂ ನಳಿಕೆಯೊಳಗೇ ಇರುತ್ತದೆ. ಬಂದೂಕನ್ನು ಬಿಗಿಯಾಗಿ ಹಿಡಿದಷ್ಟೂ ಕೈಯ ಬಿಗಿ ಪ್ರತಿ ಹೊಡೆತಕ್ಕೂ ಬದಲಾಗಿ ಪೆಲೆಟ್ಟುಗಳು ಚದುರುತ್ತವೆ. ಅಂಗೈಯ ಮೇಲೆ ಸಡಿಲವಾಗಿ ಇಟ್ಟುಕೊಂಡು, ಪ್ರತಿ ಸಲವೂ ಅದೇ ಜಾಗದಲ್ಲಿ ಆಧಾರ ಕೊಟ್ಟರೆ ಅವು ಒಂದೆಡೆ ಕೂಡುತ್ತವೆ.

ಪಿ.ಸಿ.ಪಿ. ಎನ್ನುವ ಬಂದೂಕುಗಳಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ಗಾಳಿಯನ್ನು ಮೊದಲೇ ತುಂಬಿಟ್ಟಿರುತ್ತಾರೆ. ಟ್ರಿಗರ್ ಎಳೆದಾಗ ವಾಲ್ವ್ ತೆರೆದು ಮುಚ್ಚುತ್ತದೆ. ಭಾರವಾದ ಪಿಸ್ಟನ್ ಇಲ್ಲದ್ದರಿಂದ ಜಗ್ಗಾಟ ನಾಮಮಾತ್ರ. ಆದರೆ ಇಲ್ಲಿ ಗಾಳಿ ನಳಿಕೆಯುದ್ದಕ್ಕೂ ಹಿಗ್ಗುತ್ತ ತಳ್ಳುತ್ತಲೇ ಇರುವುದರಿಂದ ನಳಿಕೆ ಗಿಡ್ಡವಾದರೆ ವೇಗ ನಿಜವಾಗಿಯೂ ಇಳಿಯುತ್ತದೆ. ಬೆಲೆಯೂ ಹೆಚ್ಚು, ಗಾಳಿ ತುಂಬುವ ಪಂಪಿನ ಖರ್ಚು ಬೇರೆ.

ಎರಡೂ ಬಗೆಗೆ ಅನ್ವಯಿಸುವುದು ತೂಕದ ಮಾತು. ಗಿಡ್ಡ, ಹಗುರ ಬಂದೂಕನ್ನು ನಾಡಿಬಡಿತವೂ ಉಸಿರಾಟವೂ ಸುಲಭವಾಗಿ ಅಲುಗಿಸುತ್ತವೆ. ಮುಂದಿನ ತುದಿಯಲ್ಲಿ ತೂಕವಿದ್ದರೆ ಅದನ್ನು ತಿರುಗಿಸುವುದು ಕಷ್ಟ, ಏಕೆಂದರೆ ತಿರುಗುವುದಕ್ಕೆ ಒಡ್ಡುವ ಜಡತ್ವ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಏರ್ ರೈಫಲ್ಲಿಗೆ 5.5 ಕಿಲೋ ತನಕ ಅವಕಾಶವಿದೆ. ಹವ್ಯಾಸಿಗೆ ಅಷ್ಟು ಬೇಡ, ಆದರೆ ಹಗುರವಾಗಿರುವುದನ್ನೇ ಗುಣವೆಂದು ಎಣಿಸುವುದು ಸರಿಯಲ್ಲ. ಹದಿಹರೆಯದವರಿಗೆ ಕೊಳ್ಳುವಾಗ ಮಾತ್ರ ಭುಜಕ್ಕೆ ಒತ್ತುವ ಬಟ್ಟಿನಿಂದ ಟ್ರಿಗರ್‌ವರೆಗಿನ ಅಂತರ ಅವರ ತೋಳಿಗೆ ಹೊಂದುವಷ್ಟು ಕಡಿಮೆ ಇರಲೇಬೇಕು.

ಶಕ್ತಿಯ ಆಸೆಗೆ ಬೀಳುವವರಿಗೆ ಒಂದು ಲೆಕ್ಕ ಹೇಳಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಯ ನಡುವಿನ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಅದಕ್ಕೆ ಹೊಡೆಯುವ ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಟರೆ ಸಾಕು. ಅದರ ಶಕ್ತಿ 8 ಜೂಲ್‌ಗಿಂತ ಕಡಿಮೆ, ಅಂದರೆ ಲೈಸೆನ್ಸ್ ಬೇಡದ ಮಿತಿಯ ಅರ್ಧವೂ ಅಲ್ಲ. 10 ಮೀಟರಿನಲ್ಲಿ ಅದು ಎರಡು ಸೆಂ.ಮೀ.ಗಿಂತ ಕಡಿಮೆ ಕುಸಿಯುತ್ತದೆ. ಗುರಿ ನೋಡುವ ಸೈಟ್ ಹೊಂದಿಸಿಕೊಂಡರೆ ಅದೂ ಲೆಕ್ಕಕ್ಕಿಲ್ಲ. ಡಬ್ಬದ ಮೇಲಿನ ದೊಡ್ಡ ವೇಗದ ಅಂಕಿಗಿಂತ ನಯವಾದ ಟ್ರಿಗರ್ ಮತ್ತು ಒಳ್ಳೆಯ ಪೆಲೆಟ್ಟುಗಳಿಗೆ ಹಣ ಹಾಕುವುದು ಮೇಲು.

ಧಾರವಾಡದ ಮಳೆಗಾಲದಲ್ಲಿ ನಳಿಕೆ ತುಕ್ಕು ಹಿಡಿಯುವುದರಿಂದ ಹೊರಮೈಗೆ ತೆಳುವಾಗಿ ಎಣ್ಣೆ ಒರೆಸಬೇಕು. ಆದರೆ ಸ್ಪ್ರಿಂಗ್ ಬಂದೂಕಿನ ಗಾಳಿಕೋಣೆಗೆ ಎಣ್ಣೆ ಇಳಿದರೆ ಕಾದ ಗಾಳಿಯಲ್ಲಿ ಅದು ಹೊತ್ತಿಕೊಂಡು ಸೀಲು ಕೆಡುತ್ತದೆ. ಪೆಲೆಟ್ ಇಲ್ಲದೆ ಹೊಡೆದರೂ ಪಿಸ್ಟನ್ ತಡೆಯಿಲ್ಲದೆ ಬಡಿದು ಹಾನಿಯಾಗುತ್ತದೆ. ಗುರಿಯ ಹಿಂದೆ ಪೆಲೆಟ್ಟನ್ನು ಹಿಡಿದು ನಿಲ್ಲಿಸುವ ಪೆಟ್ಟಿಗೆ ಕಡ್ಡಾಯ. ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂಡಬಾರದು. ಹಕ್ಕಿಗಳ ಕಡೆಗಂತೂ ನಳಿಕೆ ತಿರುಗಲೇಬಾರದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ ಈಗ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ; ಅಂಥ ಹಕ್ಕಿಯನ್ನು ಏರ್ ಗನ್ನಿನಿಂದ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.