ಯಾರ ಮನೆಯ ಪಿಪ್?

ವಿಜಯಪುರದ ಕಡೆಯ ಹಳೆಯ ವಾಡೆಗಳಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ತಲೆಬಾಗಿಲು ಒಂದೇ ಉಳಿದು ಒಲೆ ಎರಡಾಗುತ್ತವೆ. ಗಿರಣಿಯ ಹುಡುಗ ‘ಗೌಡರ ಮನೆ’ ಎಂದಷ್ಟೇ ಕೇಳಿಕೊಂಡು ಜೋಳದ ಹಿಟ್ಟನ್ನು ಅಣ್ಣನ ಅಡುಗೆಮನೆಯಲ್ಲಿಟ್ಟು ಹೋದರೆ ತಮ್ಮನ ಮನೆಯಲ್ಲಿ ರೊಟ್ಟಿ ಬಡಿಯುವುದು ಹೇಗೆ? ಒಂದೇ ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರಡು ವರ್ಶನ್ ಇದ್ದಾಗಲೂ ಇದೇ ಪಜೀತಿ.

ಬೆಳಗಾವಿಯ ಯಾವುದೋ ಕಾಲೇಜು ಲ್ಯಾಬಿನ ಉಬುಂಟು 22.04 (ಲಿನಕ್ಸ್) ಯಂತ್ರ ಎಂದುಕೊಳ್ಳಿ. ಅದರ ಜೊತೆಗೇ ಬರುವುದು ಪೈಥಾನ್ 3.10. ಪ್ರಾಜೆಕ್ಟಿಗೆಂದು 3.11 ಅನ್ನೂ ಹಾಕಿದ್ದಾರೆ. ಲೆಕ್ಕಾಚಾರಕ್ಕೆ ನಂಪೈ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಬೇಕು, ಅದನ್ನು ತಂದು ಹಾಕುವ ಸಾಧನವೇ ಪಿಪ್. ‘ಪಿಪ್ ಇನ್‌ಸ್ಟಾಲ್ ನಂಪೈ’ ಎಂದರೆ ಕೆಲಸ ಮುಗಿಯಿತು ಎನ್ನುತ್ತದೆ, 3.11ರಲ್ಲಿ ಪ್ರೋಗ್ರಾಂ ಓಡಿಸಿದರೆ ನಂಪೈ ಇಲ್ಲವೇ ಇಲ್ಲ ಎನ್ನುತ್ತದೆ. ಎರಡೂ ಸುಳ್ಳಲ್ಲ. ಪಿಪ್ ಎಂಬುದು ಪುಟ್ಟ ಫೈಲು. ಯಾವ ಪೈಥಾನ್ ತನ್ನನ್ನು ಓಡಿಸಬೇಕು ಎಂಬುದು ಅದರ ಮೊದಲ ಸಾಲಿನಲ್ಲೇ ಬರೆದಿರುತ್ತದೆ. ಇಲ್ಲಿ ಅದು 3.10, ಹಾಗಾಗಿ ಲೈಬ್ರರಿ 3.10ರ ‘ಸೈಟ್-ಪ್ಯಾಕೇಜಸ್’ ಫೋಲ್ಡರಿಗೆ ಹೋಯಿತು. 3.11 ಹುಡುಕುವುದು ತನ್ನ ಫೋಲ್ಡರಿನಲ್ಲಿ. ‘ಪಿಪ್ --ವರ್ಶನ್’ ಕೇಳಿದರೆ ತಾನು ಯಾರ ಪೈಕಿ ಎಂದು ಸಾಲಿನ ಕೊನೆಗೆ ಅದೇ ಹೇಳುತ್ತದೆ.

ಆದ್ದರಿಂದ ಪಿಪ್ ಅನ್ನು ನೇರವಾಗಿ ಕರೆಯದೆ, ಬೇಕಾದ ಪೈಥಾನ್ ಮೂಲಕವೇ ಕರೆಯಬೇಕು: ‘ಪೈಥಾನ್3.11 -ಎಂ ಪಿಪ್ ಇನ್‌ಸ್ಟಾಲ್ ನಂಪೈ’ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ). ವಿಂಡೋಸಿನಲ್ಲಿ ‘ಪೈ -3.11 -ಎಂ ಪಿಪ್’. ಏನೇನು ವರ್ಶನ್ ಇವೆ ಎಂದು ನೋಡಲು ‘ಪೈ -0’.

ಫೋಲ್ಡರನ್ನೇ ಕಾಪಿ ಮಾಡಿದರಾಗದೇ ಎಂದು ಕೆಲವರು ಜಾಣತನ ಮಾಡುತ್ತಾರೆ. ಬರೀ ಪೈಥಾನಿನಲ್ಲಿ ಬರೆದ ಲೈಬ್ರರಿಯಾದರೆ ನಡೆದೀತು. ನಂಪೈ ಒಳಗೆ ಸಿ ಭಾಷೆಯಿಂದ ಕಂಪೈಲ್ ಆದ ಫೈಲುಗಳಿವೆ, ಅವುಗಳ ಹೆಸರಿನಲ್ಲೇ ‘310’ ಎಂಬ ಗುರುತು ಇರುತ್ತದೆ. 3.11 ಅವನ್ನು ಮೂಸಿಯೂ ನೋಡುವುದಿಲ್ಲ. ಇದಕ್ಕಿಂತ ಅಪಾಯದ ಜಾಣತನ, ‘ಪೈಥಾನ್3’ ಎಂಬ ಹೆಸರನ್ನೇ ಹೊಸ ವರ್ಶನ್ನಿಗೆ ತಿರುಗಿಸುವುದು. ಉಬುಂಟುವಿನ ಎಷ್ಟೋ ಸಾಧನಗಳು ಆ ಹೆಸರನ್ನು ನಂಬಿ ಕೂತಿವೆ. ಮರುದಿನ ಟರ್ಮಿನಲ್ಲೇ (ಈ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆಯದೆ ಹೋಗಬಹುದು. ಉಬುಂಟು 24.04 ಅಂತೂ ವ್ಯವಸ್ಥೆಯ ಪೈಥಾನಿಗೆ ಪಿಪ್ ಕೈಹಾಕಲು ಹೋದರೆ ಬಾಗಿಲಲ್ಲೇ ತಡೆಯುತ್ತದೆ. ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂದು ಹೇಳಿ ನುಗ್ಗಬಹುದು, ಆದರೆ ಏನಾಗುತ್ತದೆಂದು ಹೆಸರೇ ಹೇಳುತ್ತಿದೆಯಲ್ಲ!

ಪ್ರತಿ ಪ್ರಾಜೆಕ್ಟಿಗೂ ಬೇರೆ ಒಲೆ ಹೂಡುವುದೇ ಸರಿ. ಅಂಥ ಬೇರೆ ಪೈಥಾನ್ ಫೋಲ್ಡರ್ ಕಟ್ಟಿಕೊಡುವ ‘ವೆನ್ವ್’ 2012ರ ಪೈಥಾನ್ 3.3ರಿಂದ ಜೊತೆಗೇ ಬರುತ್ತದೆ. ಉಬುಂಟುವಿನಲ್ಲಿ ಮಾತ್ರ ‘ಪೈಥಾನ್3.11-ವೆನ್ವ್’ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ‘ಪೈಥಾನ್3.11 -ಎಂ ವೆನ್ವ್ ಲ್ಯಾಬ್’ (ಲ್ಯಾಬ್ ಎಂಬುದು ಹೊಸ ಫೋಲ್ಡರಿನ ಹೆಸರು), ಆಮೇಲೆ ‘ಸೋರ್ಸ್ ಲ್ಯಾಬ್/ಬಿನ್/ಆಕ್ಟಿವೇಟ್’. ಈಗ ಬರೀ ‘ಪಿಪ್’ ಎಂದರೂ ಹಿಟ್ಟು ಸರಿಯಾದ ಮನೆಗೇ ಬೀಳುತ್ತದೆ.

ಈ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಾಗಲಕೋಟೆಯ ಮನೆಗೆ ಒಯ್ದರೆ ನಡೆಯುವುದಿಲ್ಲ. ಒಳಗಿನ ಫೈಲುಗಳಲ್ಲಿ ಲ್ಯಾಬ್ ಯಂತ್ರದಲ್ಲಿ ಆ ಫೋಲ್ಡರ್ ಇದ್ದ ಜಾಗದ ಪೂರ್ತಿ ವಿಳಾಸ ಅಚ್ಚಾಗಿರುತ್ತದೆ. ‘ಪಿಪ್ ಫ್ರೀಜ್’ ಕೊಡುವ ಪಟ್ಟಿಯನ್ನು ‘ರಿಕ್ವೈರ್‌ಮೆಂಟ್ಸ್’ ಫೈಲಿಗಿಳಿಸಿ ಅದನ್ನಷ್ಟೇ ಒಯ್ಯಿರಿ. ಮನೆಯಲ್ಲಿ ಹೊಸ ವೆನ್ವ್ ಮಾಡಿ, ‘ಪಿಪ್ ಇನ್‌ಸ್ಟಾಲ್ -ಆರ್’ ಮುಂದೆ ಆ ಫೈಲಿನ ಹೆಸರು ಕೊಟ್ಟರೆ ಅವೇ ಲೈಬ್ರರಿಗಳು ಅವೇ ವರ್ಶನ್ನಿನಲ್ಲಿ ಇಳಿಯುತ್ತವೆ, ಮನೆಯಲ್ಲೂ 3.11 ಇರಬೇಕು, ಅಷ್ಟೇ.