ಟ್ಯಾಬ್‌ಗೆ ಕೀಬೋರ್ಡ್ ಹಾಕಿದರೆ ಲ್ಯಾಪ್‌ಟಾಪ್ ಆಗುವುದಿಲ್ಲವೇ?

ಪ್ರಶ್ನೆ: ಮಗಳು ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೇರುತ್ತಿದ್ದಾಳೆ. ಲ್ಯಾಪ್‌ಟಾಪ್ ಹೊರೋಕೆ ಭಾರ, ಟ್ಯಾಬ್ ಸಾಕು ಅನ್ನುತ್ತಾಳೆ. ಕೀಬೋರ್ಡ್ ಸಿಕ್ಕಿಸಿಕೊಂಡರೆ ಎರಡೂ ಒಂದೇ ಅಂತ ಅಂಗಡಿಯವರೂ ಹೇಳಿದರು. ನಿಜವೇ ಸರ್?

ಉತ್ತರ: ಸಿಇಟಿ ಫಲಿತಾಂಶ ಬಂದ ವಾರದಿಂದಲೇ ಈ ಪ್ರಶ್ನೆ ಶುರುವಾಗುತ್ತದೆ. ಮೊದಲು ಇಂಜಿನಿಯರಿಂಗ್ ಸೇರುವವರ ಅಪ್ಪ ಅಮ್ಮಂದಿರು, ಆಮೇಲೆ ಬಿಕಾಂ, ಬಿಸಿಎ ಮಕ್ಕಳು, ದಸರಾ ಹೊತ್ತಿಗೆ ಆಫರ್ ನೋಡಿ ಆಸೆಪಟ್ಟ ನಿವೃತ್ತ ಮೇಷ್ಟ್ರುಗಳು. ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ: ‘ಯಾವ ಕೆಲಸಕ್ಕೆ?’ ಅದು ಯಾರಿಗೂ ಹಿಡಿಸುವುದಿಲ್ಲ. ‘ಎಲ್ಲದಕ್ಕೂ’ ಅನ್ನುತ್ತಾರೆ. ಎಲ್ಲದಕ್ಕೂ ಅಂದಮೇಲೆ ಲ್ಯಾಪ್‌ಟಾಪೇ. ನಿಮ್ಮ ಮಗಳಿಗೂ ಅದೇ ಉತ್ತರ. ಮೊದಲು ಲ್ಯಾಪ್‌ಟಾಪ್ ಕೊಡಿಸಿ. ಟ್ಯಾಬ್ ಬೇಕೇ ಬೇಕು ಅನ್ನಿಸಿದರೆ ಎರಡನೇ ವರ್ಷ ನೋಡೋಣ.

ಉತ್ತರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ‘ಕೀಬೋರ್ಡ್ ಹಾಕಿದರೆ ಎರಡೂ ಒಂದೇ’ ಅನ್ನೋ ಮಾತಿದೆಯಲ್ಲ, ಅದನ್ನು ಹಾಗೇ ಬಿಟ್ಟರೆ ಮುಂದಿನ ವಾರ ಇನ್ನೊಬ್ಬರು ಅದನ್ನೇ ಹಿಡಿದುಕೊಂಡು ಬರುತ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಸ್ಕೂಟರ್‌ಗೆ ಕ್ಯಾರಿಯರ್ ಹಾಕಿಸಿದರೆ ಅದು ಗೂಡ್ಸ್ ಆಟೋ ಆಗುತ್ತದೆಯೇ? ಕೀಬೋರ್ಡ್ ಕೊಡುವುದು ಟೈಪ್ ಮಾಡುವ ಸುಖ, ಅಷ್ಟೇ. ಯಂತ್ರದೊಳಗೆ ಯಾವ ಸಾಫ್ಟ್‌ವೇರ್ ನಡೆಯಬಹುದು, ಯಾವುದು ನಡೆಯಬಾರದು ಅಂತ ತೀರ್ಮಾನಿಸುವುದು ಅದರ ಆಪರೇಟಿಂಗ್ ಸಿಸ್ಟಮ್, ಅಂದರೆ ವಿಂಡೋಸ್, ಆಂಡ್ರಾಯ್ಡ್ ಥರದ ಮೂಲ ಸಾಫ್ಟ್‌ವೇರ್. ಜುಟ್ಟು ಅದರ ಕೈಯಲ್ಲಿದೆ.

ಇದನ್ನು ಮೈಕ್ರೋಸಾಫ್ಟ್ ಕಂಪನಿಯೇ ದುಡ್ಡು ಕಳೆದುಕೊಂಡು ಜಗತ್ತಿಗೆ ತೋರಿಸಿಕೊಟ್ಟಿದೆ. 2012ರ ಅಕ್ಟೋಬರ್‌ನಲ್ಲಿ ಅವರು ಸರ್ಫೇಸ್ ಆರ್‌ಟಿ ಅಂತ ಒಂದು ಟ್ಯಾಬ್ ತಂದರು. ಹಿಂದೆ ಒರಗಿಸುವ ಕಾಲು, ಮುಂದೆ ಟಕ್ ಅಂತ ಅಂಟಿಕೊಳ್ಳುವ ಕೀಬೋರ್ಡ್, ಪರದೆಯ ಮೇಲೆ ವಿಂಡೋಸ್. ನೋಡಿದವರೆಲ್ಲ ಲ್ಯಾಪ್‌ಟಾಪ್ ಅಂದುಕೊಂಡರು. ಮನೆಗೆ ತಂದು ತಮ್ಮ ಹಳೆಯ ಸಾಫ್ಟ್‌ವೇರ್ ಹಾಕಲು ಹೋದರೆ ಯಾವುದೂ ಇನ್‌ಸ್ಟಾಲ್ ಆಗಲಿಲ್ಲ. ಒಳಗಿದ್ದದ್ದು ಫೋನುಗಳಲ್ಲಿ ಇರುವಂಥ ಎಆರ್‌ಎಂ ಚಿಪ್. ಅದರ ಮೇಲಿದ್ದ ವಿಂಡೋಸ್ ಆರ್‌ಟಿ ತನ್ನದೇ ಸ್ಟೋರ್‌ನ ಆ್ಯಪ್‌ಗಳನ್ನು ಬಿಟ್ಟರೆ ಹೊರಗಿನ ಯಾವ ಪ್ರೋಗ್ರಾಮನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. 2013ರ ಜುಲೈನಲ್ಲಿ ಕಂಪನಿ ಇದರ ಬಾಬ್ತು 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಕಥೆಯ ಸ್ವಾರಸ್ಯ ಇನ್ನೂ ಇದೆ. ಅದೇ 2013ರ ಫೆಬ್ರುವರಿಯಲ್ಲಿ ಅದೇ ಕಂಪನಿ ಸರ್ಫೇಸ್ ಪ್ರೊ ಬಿಟ್ಟಿತು. ಹೆಚ್ಚುಕಡಿಮೆ ಅದೇ ರೂಪ, ಸ್ವಲ್ಪ ದಪ್ಪ. ಆರ್‌ಟಿಯ ಕೀಬೋರ್ಡನ್ನೇ ಬಿಚ್ಚಿ ಇದಕ್ಕೆ ಹಾಕಬಹುದಿತ್ತು. ಆದರೆ ಒಳಗೆ ಇಂಟೆಲ್ ಚಿಪ್, ಮೇಲೆ ಪೂರ್ತಿ ವಿಂಡೋಸ್. ಇದರಲ್ಲಿ ಎಲ್ಲ ಹಳೆಯ ಸಾಫ್ಟ್‌ವೇರೂ ನಡೆಯಿತು. ಕೀಬೋರ್ಡ್ ಅದೇ, ಆಕಾರ ಅದೇ. ಒಂದು ಟ್ಯಾಬ್ ಆಗಿಯೇ ಉಳಿಯಿತು, ಇನ್ನೊಂದು ನಿಜಕ್ಕೂ ಲ್ಯಾಪ್‌ಟಾಪ್ ಕೆಲಸ ಮಾಡಿತು. ಇದಕ್ಕಿಂತ ಚೆನ್ನಾಗಿ ಕ್ಲಾಸಿನಲ್ಲಿ ಪಾಠ ಮಾಡಲು ನನ್ನಿಂದಲೂ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಸ್ವಲ್ಪ ತಿಳಿದವರು ಪಟ್ಟು ಬದಲಾಯಿಸುತ್ತಾರೆ. ‘ಅದು ಹಳೇ ಕಾಲ ಸರ್. ಈಗ ಐಪ್ಯಾಡ್‌ನಲ್ಲೂ ಮ್ಯಾಕ್‌ಬುಕ್‌ನಲ್ಲೂ ಒಂದೇ ಚಿಪ್’ ಅನ್ನುತ್ತಾರೆ. ಹೌದು, ಆಪಲ್‌ನ ದುಬಾರಿ ಟ್ಯಾಬ್‌ಗಳಲ್ಲಿ ಅವರದೇ ಲ್ಯಾಪ್‌ಟಾಪ್ ಮ್ಯಾಕ್‌ಬುಕ್‌ನ ಚಿಪ್ಪೇ ಇರುತ್ತದೆ. 2021ರಲ್ಲೇ ಐಪ್ಯಾಡ್ ಪ್ರೊಗೆ ಮ್ಯಾಕ್‌ನ ಎಂ1 ಚಿಪ್ ಬಂತು. ಎಂ4 ಚಿಪ್ ಅಂತೂ 2024ರ ಮೇ ತಿಂಗಳಲ್ಲಿ ಮೊದಲು ಐಪ್ಯಾಡ್‌ಗೇ ಬಂತು, ಮ್ಯಾಕ್‌ಗೆ ಬಂದದ್ದು ಅದೇ ವರ್ಷದ ಕೊನೆಯಲ್ಲಿ. ಹಾಗಾದರೆ ಐಫೋನ್ ಆ್ಯಪ್ ಮಾಡಲು ಬೇಕಾದ ಆಪಲ್‌ನದೇ ಎಕ್ಸ್‌ಕೋಡ್ ಐಪ್ಯಾಡ್‌ನಲ್ಲಿ ನಡೆಯಬೇಕಿತ್ತು, ಅಲ್ವಾ? ನಡೆಯುವುದಿಲ್ಲ. ಅದಕ್ಕೆ ಮ್ಯಾಕೇ ಬೇಕು. ಚಿಪ್‌ಗೆ ತಾಕತ್ತು ಇಲ್ಲದ್ದರಿಂದ ಹೀಗಾಗಿಲ್ಲ. ಐಪ್ಯಾಡ್‌ನ ಆಪರೇಟಿಂಗ್ ಸಿಸ್ಟಮ್ ಆದ ಐಪ್ಯಾಡ್‌ಓಎಸ್ ಪ್ರತಿ ಆ್ಯಪನ್ನೂ ಅದರದರ ಕೋಣೆಯಲ್ಲೇ ಕೂಡಿಹಾಕುತ್ತದೆ. ಪಕ್ಕದ ಕೋಣೆಯ ಫೈಲು ಬೇಕಾದರೆ ನೀವೇ ಎತ್ತಿ ಕೊಡಬೇಕು. ವೈರಸ್ ಕಾಟ ಕಡಿಮೆ ಇರುವುದೂ ಇದರಿಂದಲೇ. ಅಜ್ಜನಿಗೆ ಅದು ವರ. ನಾಲ್ಕು ಸಾಫ್ಟ್‌ವೇರ್ ಒಂದರ ಮೇಲೊಂದು ಕೂತು ಕೆಲಸ ಮಾಡಬೇಕಾದ ಇಂಜಿನಿಯರಿಂಗ್ ಹುಡುಗಿಗೆ ಅದೇ ಕಾಟ.

2025ರಲ್ಲಿ ಐಪ್ಯಾಡ್‌ಓಎಸ್ 26 ಬಂದಾಗ ಮತ್ತೆ ಫೋನುಗಳು ಬಂದವು. ಈಗ ಕಿಟಕಿಗಳನ್ನು ಎಳೆದು ಸಣ್ಣದು ದೊಡ್ಡದು ಮಾಡಬಹುದು, ಮೇಲೆ ಮೆನು ಸಾಲೂ ಇದೆ, ಇನ್ನೇನು ಬೇಕು ಅಂತ. ನೋಡೋಕೆ ಮ್ಯಾಕ್ ಥರ ಇದೆ, ಒಪ್ಪಿದೆ. ಎಕ್ಸ್‌ಕೋಡ್ ಬಂತೇ? ಇಲ್ಲ. ಆಂಡ್ರಾಯ್ಡ್ ಕಡೆ ಸ್ಯಾಮ್‌ಸಂಗ್‌ನ ಡೆಕ್ಸ್ ಕೂಡ ಹೀಗೇ. ಪರದೆ ಡೆಸ್ಕ್‌ಟಾಪಿನಂತೆ ಕಾಣುತ್ತದೆ, ಕಿಟಕಿಗಳೊಳಗೆ ಇರುವುದು ಅದೇ ಫೋನಿನ ಆ್ಯಪ್‌ಗಳು.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ವಿಟಿಯು ಕಾಲೇಜುಗಳಲ್ಲಿ ಹಲವು ಬ್ರಾಂಚ್‌ಗಳಿಗೆ ಮೊದಲ ವರ್ಷವೇ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡುವ ವಿಷಯ ಇರುತ್ತದೆ. ಅಲ್ಲಿ ಬಳಸುವ ಸಾಲಿಡ್ ಎಡ್ಜ್, ಮುಂದೆ ಮೆಕ್ಯಾನಿಕಲ್‌ನವರು ಬಳಸುವ ಸಾಲಿಡ್‌ವರ್ಕ್ಸ್, ಇವು ವಿಂಡೋಸ್‌ಗೆ ಮಾಡಿದವು. ಟ್ಯಾಬ್ ಹಾಗಿರಲಿ, ಮ್ಯಾಕ್‌ಬುಕ್ ಕೊಡಿಸಿದವರೂ ಇಲ್ಲಿ ತಲೆ ಚಚ್ಚಿಕೊಳ್ಳುತ್ತಾರೆ. ಸಿ, ಪೈಥಾನ್ ಥರದ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಇದೆ, ಬ್ರೌಸರ್‌ನಲ್ಲಿ ಗೂಗಲ್ ಕೊಲ್ಯಾಬ್ ಇದೆ, ಅವುಗಳಲ್ಲಿ ಕಲಿತ ಜಾಣರೂ ಇದ್ದಾರೆ. ಆದರೆ ಲ್ಯಾಬ್‌ನಲ್ಲಿ ಮೇಡಂ ‘ಇದನ್ನ ಇನ್‌ಸ್ಟಾಲ್ ಮಾಡ್ಕೊಂಡು ಬನ್ನಿ’ ಅಂತ ಪೆನ್‌ಡ್ರೈವ್‌ನಲ್ಲಿ ವಿಂಡೋಸ್‌ಗೆಂದೇ ಮಾಡಿದ ಒಂದು ಇಎಕ್ಸ್‌ಇ ಫೈಲು ಕೊಟ್ಟ ದಿನ ಟ್ಯಾಬ್ ಹಿಡಿದವರು ಗೆಳತಿಯ ಲ್ಯಾಪ್‌ಟಾಪ್ ಕಡೆ ನೋಡುತ್ತಾ ಕೂರಬೇಕು.

‘ವರ್ಡ್, ಎಕ್ಸೆಲ್ ಟ್ಯಾಬ್‌ನಲ್ಲೂ ಇದೆಯಲ್ಲ’ ಅನ್ನುವುದು ಬಿಕಾಂನವರ ವಾದ. ಹೆಸರು ಅದೇ, ಒಳಗಿನ ಸರಕು ಕಡಿಮೆ. ಆಫೀಸಿನವರು ಕಳಿಸಿದ ಎಕ್ಸೆಲ್ ಫೈಲಿನಲ್ಲಿ ಮ್ಯಾಕ್ರೋ (ಬಟನ್ ಒತ್ತಿದರೆ ತಾನೇ ಕೆಲಸ ಮಾಡುವ ಸಣ್ಣ ಪ್ರೋಗ್ರಾಮ್) ಇದ್ದರೆ ಟ್ಯಾಬ್‌ನಲ್ಲಿ ಅದು ಓಡುವುದಿಲ್ಲ, ಬಟನ್ ಒತ್ತಿದರೂ ಸುಮ್ನೆ ಕೂತಿರುತ್ತದೆ. ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಈ ಆ್ಯಪ್‌ಗಳಲ್ಲಿ ಬಿಟ್ಟಿಯಾಗಿ ತಿದ್ದುವ ಅವಕಾಶ 10.1 ಇಂಚಿನೊಳಗಿನ ಪರದೆಗಳಿಗೆ ಮಾತ್ರ. ಅದಕ್ಕಿಂತ ದೊಡ್ಡ ಟ್ಯಾಬ್ ಆದರೆ ಫೈಲು ಓದಬಹುದು, ತಿದ್ದಲು ಮೈಕ್ರೋಸಾಫ್ಟ್ 365 ಚಂದಾ ಕಟ್ಟಬೇಕು. ಈಗ ಬರುವ ಬಹುಪಾಲು ಒಳ್ಳೆಯ ಟ್ಯಾಬ್‌ಗಳು 11 ಇಂಚಿನ ಆಸುಪಾಸಿನವು. ಲೆಕ್ಕಪತ್ರ ಬರೆಯುವ ಟ್ಯಾಲಿ ಕೂಡ ಮೂಲತಃ ವಿಂಡೋಸ್‌ನದು. ಕ್ಲೌಡ್ ಮೂಲಕ ತೆರೆಯುವ ದಾರಿ ಇದೆ, ಅದಕ್ಕೆ ಬೇರೆ ಖರ್ಚು.

ಟೆಂಡರ್ ಹಾಕುವ ಗುತ್ತಿಗೆದಾರರಿಗೂ ಒಂದು ಮಾತು. ಕರ್ನಾಟಕದ ಸರ್ಕಾರಿ ಖರೀದಿ ಪೋರ್ಟಲ್‌ನಲ್ಲಿ ಬಿಡ್ ಸಲ್ಲಿಸಲು ಡಿಜಿಟಲ್ ಸಹಿ ಬೇಕು. ಅದು ಪೆನ್‌ಡ್ರೈವ್ ಥರದ ಒಂದು ಟೋಕನ್‌ನಲ್ಲಿ ಇರುತ್ತದೆ. ಟೋಕನ್ ಚುಚ್ಚಿದರೆ ಸಾಲದು, ಅದನ್ನು ಕಂಪ್ಯೂಟರ್‌ಗೆ ಪರಿಚಯಿಸುವ ಡ್ರೈವರ್, ಸಹಿ ಹಾಕುವ ಸಣ್ಣ ಸಾಫ್ಟ್‌ವೇರ್, ಎರಡೂ ಕಂಪ್ಯೂಟರ್‌ನಲ್ಲಿ ಕೂತಿರಬೇಕು. ಕೊನೆಯ ದಿನ ಸಂಜೆ ಟ್ಯಾಬ್ ಹಿಡಿದು ಕೂರಬೇಡಿ.

ಇನ್ನು ಕನ್ನಡ. ಇದರ ಬಗ್ಗೆ ಅಂಗಡಿಯವರೂ ಹೇಳುವುದಿಲ್ಲ, ಯೂಟ್ಯೂಬ್‌ನವರೂ ಹೇಳುವುದಿಲ್ಲ. ನಮ್ಮ ಎಷ್ಟೋ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನ ಫೈಲುಗಳು ರಾಶಿ ಬಿದ್ದಿವೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಜಾಗ ಕೊಡುವ ಯುನಿಕೋಡ್ ನಮ್ಮಲ್ಲಿ ಬಳಕೆಗೆ ಬರುವ ಮೊದಲಿನ ವ್ಯವಸ್ಥೆ ಅದು. ಅದರಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂತಿವೆ. ನುಡಿ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ‘ಕನ್ನಡ’ ಅಂತ ಕಾಣುವ ಪದ ಟ್ಯಾಬ್‌ನಲ್ಲಿ ತೆರೆದಾಗ ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟು ಎಳೆದ ಎ, ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಕಾಣುತ್ತದೆ. ಫೈಲು ಹಾಳಾಗಿದೆ ಅಂದುಕೊಂಡು ಜನ ಗಾಬರಿಯಾಗುತ್ತಾರೆ. ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೇ. ವಿಂಡೋಸ್‌ನಲ್ಲಿ ಫಾಂಟ್ ಫೈಲಿನ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಅಂದರೆ ಮುಗಿಯಿತು. ಟ್ಯಾಬ್‌ನಲ್ಲಿ ಅದಕ್ಕೊಂದು ಆ್ಯಪ್ ಹುಡುಕಬೇಕು, ಆಮೇಲೂ ಎಲ್ಲ ಕಡೆ ಸರಿಯಾಗಿ ಕಾಣುವ ಖಾತ್ರಿ ಇಲ್ಲ.

ಟೈಪಿಂಗ್‌ನದೂ ಒಂದು ತಕರಾರಿದೆ. ಫೋನಿನ ಪರದೆಯ ಕೀಬೋರ್ಡ್‌ನಲ್ಲಿ ಎಂ, ಎ, ಎನ್, ಇ ಒತ್ತಿದರೆ ‘ಮನೆ’ ಮೂಡುತ್ತದೆ, ನಮ್ಮ ಮಕ್ಕಳಿಗೆಲ್ಲ ಅದೇ ಅಭ್ಯಾಸ. ಟ್ಯಾಬ್‌ಗೆ ಹೊರಗಿನ ಕೀಬೋರ್ಡ್ ಸಿಕ್ಕಿಸಿದಾಗಲೂ ಅದೇ ಸೌಕರ್ಯ ಇರುತ್ತದೆ ಅಂದುಕೊಳ್ಳಬೇಡಿ. ಎಲ್ಲ ಟ್ಯಾಬ್‌ಗಳಲ್ಲೂ ಇರುವುದಿಲ್ಲ. ವಿಂಡೋಸ್ 10ಕ್ಕೆ 2019ರ ಮೇ ತಿಂಗಳ ಅಪ್‌ಡೇಟ್‌ನಲ್ಲೇ ಹೀಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಬೋರ್ಡ್ ಬಂದು ಕೂತಿದೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಕೀಬೋರ್ಡ್ ಜೋಡಿಸಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. 2025ರಲ್ಲಿ ಬಂದ ಸಾದಾ ಐಪ್ಯಾಡ್‌ನ ಬೆಲೆ ಬಿಡುಗಡೆಯ ಹೊತ್ತಿಗೆ 34,900 ರೂಪಾಯಿ. ಅದರ ಕಂಪನಿ ಕೀಬೋರ್ಡ್ 24,900, ಕಡಿಮೆ ಬೆಲೆಯ ಪೆನ್ಸಿಲ್ 7,900. ಕೂಡಿದರೆ 67,700. ಇಷ್ಟು ದುಡ್ಡಿಗೆ ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪೇ ಬರುತ್ತದೆ. ಅದರಲ್ಲಿ ಕೀಬೋರ್ಡ್‌ಗೆ ಬೇರೆ ದುಡ್ಡು ಕೇಳುವುದಿಲ್ಲ. ಇನ್ನು ಭಾರದ ಮಾತು. ಕಂಪನಿ ಕೀಬೋರ್ಡ್ ಸಿಕ್ಕಿಸಿದ ಟ್ಯಾಬನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ. ಸಣ್ಣ ಲ್ಯಾಪ್‌ಟಾಪಿಗೂ ಅದಕ್ಕೂ ನೀವು ಅಂದುಕೊಂಡಷ್ಟು ವ್ಯತ್ಯಾಸ ಇರುವುದಿಲ್ಲ.

ಹಾಗಂತ ನಾನು ಟ್ಯಾಬ್ ವಿರೋಧಿ ಅಂತ ತಿಳಿಯಬೇಡಿ. ಓದುವುದಕ್ಕೆ ಅದನ್ನು ಮೀರಿಸಿದ್ದು ಇಲ್ಲ. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಅಳತೆಯವು, ಅಂದರೆ ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮೂಲೆಯಿಂದ ಮೂಲೆಗೆ ಅಳೆದರೆ ಹತ್ತು ಇಂಚಿಗೆ ಒಂಚೂರು ಜಾಸ್ತಿ. 11 ಇಂಚಿನ ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಸ್ಕ್ಯಾನ್ ಮಾಡಿದ ಪುಟ ಹೆಚ್ಚುಕಡಿಮೆ ಅಚ್ಚಿನ ಗಾತ್ರದಲ್ಲೇ ಕೂರುತ್ತದೆ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಎತ್ತರ ಎಂಟು ಇಂಚೂ ಇಲ್ಲ. ಅದರಲ್ಲಿ ಅದೇ ಪುಟ ಓದಲು ಅರ್ಧಕ್ಕೆ ಒಮ್ಮೆ ಸರಿಸುತ್ತಿರಬೇಕು. ನಿವೃತ್ತ ಮೇಷ್ಟ್ರು ಇಂಟರ್ನೆಟ್ ಆರ್ಕೈವ್‌ನಿಂದ ಹಳೆಯ ಪುಸ್ತಕ ಇಳಿಸಿಕೊಂಡು ಓದುತ್ತಾರೆ, ಮೊಮ್ಮಗನ ಜೊತೆ ವಿಡಿಯೋದಲ್ಲಿ ಮಾತಾಡುತ್ತಾರೆ ಅಂದರೆ ಕಣ್ಣು ಮುಚ್ಚಿಕೊಂಡು ಟ್ಯಾಬ್ ಕೊಡಿಸಿ. ವಾಟ್ಸ್ಆ್ಯಪ್ ಕೂಡ 2025ರ ಮೇ ತಿಂಗಳಿಂದ ಐಪ್ಯಾಡ್‌ಗೆ ಸಿಗುತ್ತಿದೆ. ಚಿತ್ರ ಬಿಡಿಸುವವರಿಗೆ, ಗಣಿತವನ್ನು ಕೈಯಲ್ಲೇ ಬರೆದು ಬಿಡಿಸುವ ಮಕ್ಕಳಿಗೆ ಪೆನ್ಸಿಲ್ ಇರುವ ಟ್ಯಾಬ್ ನಿಜಕ್ಕೂ ಉಪಯೋಗ.

ಒಂದು ಅಪವಾದವನ್ನೂ ಹೇಳಬೇಕು. ಈಗಲೂ ಟ್ಯಾಬ್ ಆಕಾರದ ಪೂರ್ತಿ ವಿಂಡೋಸ್ ಯಂತ್ರಗಳು ಬರುತ್ತವೆ. ಅವು ಲ್ಯಾಪ್‌ಟಾಪ್‌ಗಳೇ. ಬೆಲೆಯೂ ಹಾಗೇ ಇರುತ್ತದೆ. ಎಆರ್‌ಎಂ ಚಿಪ್ ಇರುವ ಮಾಡೆಲ್ ಆದರೆ ನಿಮಗೆ ಬೇಕಾದ ಸಾಫ್ಟ್‌ವೇರ್, ಪ್ರಿಂಟರ್, ಟೋಕನ್ ಅದರಲ್ಲಿ ನಡೆಯುತ್ತವೆಯೇ ಅಂತ ಮೊದಲೇ ವಿಚಾರಿಸಿ. ಇವತ್ತಿನ ವಿಂಡೋಸ್ ಹಳೆಯ ಪ್ರೋಗ್ರಾಮುಗಳನ್ನು ಆ ಚಿಪ್ ಮೇಲೂ ಹೇಗೋ ಓಡಿಸಿಬಿಡುತ್ತದೆ, ತಕರಾರು ಬರುವುದು ಡ್ರೈವರ್‌ಗಳಲ್ಲಿ.

ಇಷ್ಟು ಬರೆಯುವಾಗ ಯಾರೂ ಕೇಳದ ಒಂದು ವಿಷಯ ನೆನಪಾಯಿತು. ಲ್ಯಾಪ್‌ಟಾಪ್ ತೆಗೆದುಕೊಂಡ ಮೇಲೆ ಮನೆಯಲ್ಲಿರುವ ಟ್ಯಾಬ್ ಡ್ರಾಯರ್ ಸೇರುತ್ತದೆ. ಅದನ್ನು ಲ್ಯಾಪ್‌ಟಾಪ್ ಪಕ್ಕ ಒರಗಿಸಿ ಎರಡನೇ ಪರದೆ ಮಾಡಿಕೊಳ್ಳಬಹುದು ಅಂತ ಎಷ್ಟು ಜನಕ್ಕೆ ಗೊತ್ತು? ಆನ್‌ಲೈನ್ ಕ್ಲಾಸು ಇಲ್ಲಿ, ನೋಟ್ಸು ಅಲ್ಲಿ. ಮ್ಯಾಕ್ ಮತ್ತು ಐಪ್ಯಾಡ್ ಇದ್ದವರಿಗೆ ಸೈಡ್‌ಕಾರ್ ಅಂತ 2019ರಿಂದಲೂ ಒಳಗೇ ಇದೆ, ಎರಡರಲ್ಲೂ ಒಂದೇ ಆಪಲ್ ಖಾತೆ ಇರಬೇಕು. ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್7 ಮತ್ತು ಆಮೇಲಿನ ಎಸ್ ಸಾಲಿನವುಗಳಲ್ಲಿ ಸೆಕೆಂಡ್ ಸ್ಕ್ರೀನ್ ಅಂತ ಇದೆ. ಅದನ್ನು ಆನ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿ, ಪಟ್ಟಿಯಲ್ಲಿ ಟ್ಯಾಬ್‌ನ ಹೆಸರು ಆರಿಸಿ. ಬೇರೆ ಆಂಡ್ರಾಯ್ಡ್ ಟ್ಯಾಬ್ ಆದರೆ ಸ್ಪೇಸ್‌ಡೆಸ್ಕ್ ಇದೆ. ಲ್ಯಾಪ್‌ಟಾಪ್‌ಗೆ ಅದರ ಡ್ರೈವರ್, ಟ್ಯಾಬ್‌ಗೆ ಆ್ಯಪ್ ಹಾಕಿ, ಎರಡನ್ನೂ ಒಂದೇ ವೈಫೈಗೆ ಸೇರಿಸಬೇಕು. ಪಿಡಿಎಫ್ ಇಡಲು, ವಾಟ್ಸ್ಆ್ಯಪ್ ತೆರೆದಿಡಲು ಆರಾಮ. ವಿಡಿಯೋ ಹಾಕಿದರೆ ತಡೆದು ತಡೆದು ಎಳೆಯುತ್ತದೆ. ಎಳೆತ ಜಾಸ್ತಿ ಅನ್ನಿಸಿದರೆ ವೈಫೈ ಬಿಟ್ಟು ಯುಎಸ್‌ಬಿ ಕೇಬಲ್ ಹಾಕಿ ನೋಡಿ, ಸ್ಪೇಸ್‌ಡೆಸ್ಕ್ ಅದಕ್ಕೂ ಒಪ್ಪುತ್ತದೆ.