ಉಳುಕಿನಿಂದ ಕುಂಟೆಬಿಲ್ಲೆಯವರೆಗೆ: ಕ್ರೀಡಾ ಫಿಸಿಯೋಥೆರಪಿ ಟಿಪ್ಪಣಿಗಳು

ಸೋಮವಾರ ಬೆಳಗ್ಗೆ ನಮ್ಮ ಓಪಿಡಿ ಮುಂದಿನ ಬೆಂಚು ನೋಡಿದರೆ ಸಾಕು, ಭಾನುವಾರ ಬೆಂಗಳೂರು ಏನೇನು ಆಡಿತು ಅಂತ ಹೇಳಿಬಿಡಬಹುದು. ತೊಡೆಯ ಹಿಂಭಾಗ ಹಿಡಿದುಕೊಂಡು ಕೂತವರು ಬಾಕ್ಸ್ ಕ್ರಿಕೆಟ್‌ನವರು. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ಬಂದವರು ಅಪಾರ್ಟ್‌ಮೆಂಟಿನ ಶಟಲ್ ಕೋರ್ಟಿನವರು. ಎರಡೂ ಕೈ ಊರಿ, ಮುಖ ಕಿವುಚಿ, ಮೆಲ್ಲಗೆ ಬೆಂಚಿನ ಮೇಲೆ ಇಳಿಯುವವರು ನಂದಿ ಬೆಟ್ಟದ ಮೆಟ್ಟಿಲು ಹತ್ತಿಳಿದವರು. ಈ ಕೊನೆಯವರಿಗೆ ಸಾಮಾನ್ಯವಾಗಿ ನಮ್ಮ ಅಗತ್ಯವೇ ಇರುವುದಿಲ್ಲ. ಬೆಟ್ಟ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯುತ್ತದೆ. ಆ ಕೆಲಸ ರೂಢಿಯಿಲ್ಲದ ಸ್ನಾಯು 24ರಿಂದ 72 ಗಂಟೆಯೊಳಗೆ ಚೆನ್ನಾಗಿ ನೋಯ್ದು, ತಾನಾಗಿಯೇ ಸರಿಹೋಗುತ್ತದೆ. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿದೆ ಅಂದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಕಳಿಸಿ.

ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ನನ್ನ ನೋಟ್‌ಬುಕ್ಕಿನಲ್ಲಿ ಉಳಿದದ್ದನ್ನು ಜೂನಿಯರ್‌ಗಳಿಗೆಂದು ಬರೆಯುತ್ತಿದ್ದೇನೆ. ಫಿಸಿಯೋಥೆರಪಿ ಪದವಿಯ (ಬಿಪಿಟಿ) ಪರೀಕ್ಷೆಗೆ ಇದಿಷ್ಟೇ ಸಾಲದು. ರೋಗಿಯ ಮುಂದೆ ನಿಂತಾಗ ಬಾಯಿ ಒಣಗದಿರುವುದಕ್ಕೆ ಸಾಕಾದೀತು.

ಮೊದಲು ಮಾತು ಕೇಳಿ

ನಮ್ಮ ಪಠ್ಯವೆಲ್ಲ ಇಂಗ್ಲಿಷಿನಲ್ಲಿ, ರೋಗಿ ನೋವು ಹೇಳುವುದು ಕನ್ನಡದಲ್ಲಿ. ಆ ಕನ್ನಡದಲ್ಲೇ ಅರ್ಧ ರೋಗನಿರ್ಣಯ ಇರುತ್ತದೆ. "ಉಳುಕಿದೆ" ಅಂದರೆ ಕೀಲು ತಿರುಚಿದೆ, ಮೂಳೆಗೆ ಮೂಳೆ ಬಿಗಿದಿಡುವ ಲಿಗಮೆಂಟ್ ಕಡೆ ನೋಡಿ. "ಓಡ್ತಾ ಇದ್ದಂಗೆ ಚುಳ್ ಅಂತು" ಅಂದು ತೊಡೆಯ ಹಿಂಭಾಗ ತೋರಿಸಿದರೆ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿದಿರಬಹುದು. "ಜೋಮು ಹಿಡಿಯುತ್ತೆ" ಅಂದರೆ ನರ. "ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಊರೋಕಾಗಲ್ಲ, ಆಮೇಲೆ ಪರವಾಗಿಲ್ಲ" ಅನ್ನುವುದು ಅಂಗಾಲಿನ ದಪ್ಪ ಪಟ್ಟಿಯಾದ ಪ್ಲಾಂಟಾರ್ ಫೇಶಿಯಾದ ಹಾಡು.

ಎರಡು ಮಾತುಗಳನ್ನು ಮಾತ್ರ ಎಂದೂ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು, "ಮಂಡಿಯಲ್ಲಿ ಪಟ್ ಅಂತು, ಮನೆ ಸೇರೋಷ್ಟರಲ್ಲಿ ಬಾತ್ಕೊಂಡ್ತು." ಒಂದೆರಡು ಗಂಟೆಯೊಳಗೆ ಮಂಡಿ ಊದಿದೆ ಎಂದರೆ ಒಳಗೆ ರಕ್ತ ತುಂಬಿರಬಹುದು, ಮಂಡಿಯೊಳಗಿನ ಮುಖ್ಯ ಲಿಗಮೆಂಟ್ ಆದ ಎಸಿಎಲ್ ಹರಿದಿರುವ ಅನುಮಾನ ಬಲವಾಗಿರಲಿ. ಇನ್ನೊಂದು, "ಹಿಂದಿನಿಂದ ಯಾರೋ ಒದ್ದಂಗಾಯ್ತು, ತಿರುಗಿ ನೋಡಿದ್ರೆ ಯಾರೂ ಇಲ್ಲ." ಇದು ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತುಂಡಾದವರು ಹೇಳುವ ಮಾತು. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿ ನೋಡಿ. ಪಾದ ಕೆಳಗೆ ಬಾಗದಿದ್ದರೆ ವ್ಯಾಯಾಮದ ಚೀಟಿ ಬರೆಯುವ ಹೊತ್ತಲ್ಲ ಅದು, ಮೂಳೆ ತಜ್ಞರ ಬಳಿಗೆ ಕಳಿಸುವ ಹೊತ್ತು.

ಹಾಸಿಗೆ ಮತ್ತು ಕಾಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತದೆ ಗಾದೆ. ಅತಿಬಳಕೆಯ ಗಾಯಗಳಲ್ಲಿ ಹೆಚ್ಚಿನವು ಈ ಗಾದೆ ಮೀರಿದ್ದರಿಂದಲೇ ಆದವು. ಸ್ನಾಯು, ಟೆಂಡನ್, ಮೂಳೆ, ಪ್ರತಿಯೊಂದಕ್ಕೂ ಈ ಹೊತ್ತಿಗೆ ಇಷ್ಟು ಭಾರ ತಡೆದೇನು ಎಂಬ ಒಂದು ಶಕ್ತಿ ಇದೆ. ವಾರವಿಡೀ ಕುರ್ಚಿಯಲ್ಲಿ ಕೂತು, ಉಳಿದ ಹೊತ್ತು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತು, ಭಾನುವಾರ ಒಂದೇ ದಿನ 3 ಗಂಟೆ ಆಡಿದರೆ ಕಾಲು ಹಾಸಿಗೆಯಾಚೆ ಹೋಗುತ್ತದೆ. ಆದರೆ ಗಾದೆ ಅಲ್ಲಿಗೇ ನಿಲ್ಲುತ್ತದೆ, ಫಿಸಿಯೋ ಅಲ್ಲಿಗೆ ನಿಲ್ಲುವಂತಿಲ್ಲ. ಸದ್ಯಕ್ಕೆ ಕಾಲು ಮಡಚಲು ಹೇಳಿ, ಅಷ್ಟರಲ್ಲಿ ಹಾಸಿಗೆಯನ್ನು ಉದ್ದ ಮಾಡುವುದೇ ನಮ್ಮ ಕಸುಬು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಅಕಿಲಿಸ್ ನೋವಿನ ಶಟಲ್ ಆಟಗಾರರೊಬ್ಬರಿಗೆ "3 ವಾರ ಪೂರ್ತಿ ರೆಸ್ಟ್" ಅಂದುಬಿಟ್ಟೆ. 3 ವಾರ ಬಿಟ್ಟು ನಗುತ್ತಾ ಬಂದರು, ನೋವೇ ಇಲ್ಲ. ಅಂದು ಸಂಜೆಯೇ 4 ಗೇಮ್ ಆಡಿದ್ದಾರೆ. ಮಾರನೆಯ ದಿನ ಮೊದಲಿಗಿಂತ ಹೆಚ್ಚು ಕುಂಟುತ್ತಾ ಬಂದಾಗ ನನ್ನ ಸೀನಿಯರ್ ಕೇಳಿದ್ದು ಒಂದೇ ಪ್ರಶ್ನೆ: "ನೋವು ಇಳಿಸಿದೆಯಲ್ಲ, ಶಕ್ತಿ ಏರಿಸಿದ್ದು ಎಲ್ಲಿ?" ವಿಶ್ರಾಂತಿಯಲ್ಲಿ ನೋವು ಇಳಿದಿತ್ತು, ಜೊತೆಗೆ ಟೆಂಡನ್ನಿನ ತಾಳಿಕೆಯೂ ಇಳಿದಿತ್ತು.

ಟೆಂಡನ್ ವಿಷಯದಲ್ಲಿ ಒಂದು ಕಥೆ ಮರೆಯಬೇಡಿ. ಹೋಕನ್ ಆಲ್ಫ್ರೆಡ್ಸನ್ ಎಂಬ ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯರಿಗೇ ಅಕಿಲಿಸ್ ನೋವು ಬಂತು. ಶಸ್ತ್ರಚಿಕಿತ್ಸೆ ಮಾಡಿ ಅಂದರೆ ಮೇಲಿನವರು ಒಪ್ಪಲಿಲ್ಲ. ಹಾಗಾದರೆ ಟೆಂಡನ್ ಪೂರ್ತಿ ಹರಿದೇ ಹೋಗಲಿ, ಆಗ ಒಪ್ಪಲೇಬೇಕಲ್ಲ ಅಂತ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕಿಳಿಸುವ ವ್ಯಾಯಾಮವನ್ನು ನೋವಿನಲ್ಲೇ ಹಟ ಹಿಡಿದು ಮಾಡಿದರಂತೆ. ಹರಿಯಲಿಲ್ಲ, ವಾಸಿಯಾಯಿತು. ಅದೇ 1998ರ ಪ್ರಸಿದ್ಧ ಅಧ್ಯಯನವಾಯಿತು. ಮಂಡಿ ನೆಟ್ಟಗಿಟ್ಟು 15ರ 3 ಸುತ್ತು, ಮಂಡಿ ಮಡಚಿ 15ರ 3 ಸುತ್ತು, ದಿನಕ್ಕೆ 2 ಸಲ, 12 ವಾರ. ಲೆಕ್ಕ ಹಾಕಿ, ದಿನಕ್ಕೆ 180 ಸಲ ಆಗುತ್ತದೆ. ಈಗ ಇಷ್ಟೇ ಮಾಡಬೇಕೆಂಬ ಕಟ್ಟಳೆಯಿಲ್ಲ, ನಿಧಾನವಾಗಿ ಹೆಚ್ಚು ಭಾರ ಎತ್ತಿಸುವ ಕ್ರಮವೂ ಅಷ್ಟೇ ಕೆಲಸ ಮಾಡುತ್ತದೆ. ಕೆಲಸ ಮಾಡುವುದು ಭಾರ ಎಂಬುದು ಮಾತ್ರ ಬದಲಾಗಿಲ್ಲ.

ಎಷ್ಟು ನೋವಿದ್ದರೆ ಮಾಡಬಹುದು? ವೈವಾದಲ್ಲಿ ಕೇಳಿಯೇ ಕೇಳುತ್ತಾರೆ, ರೋಗಿಯೂ ಕೇಳುತ್ತಾರೆ. ಟೆಂಡನ್ ನೋವಿಗೆ ನಾವು ಬಳಸುವ ಅಳತೆ ಇದು: 10ರಲ್ಲಿ 2ರವರೆಗೆ ಚಿಂತೆಯಿಲ್ಲ, 5ರವರೆಗೆ ತಡೆದುಕೊಳ್ಳಬಹುದು, ಅದಕ್ಕೆ ಮೇಲೆ ಬೇಡ. ನನಗೆ ಇದಕ್ಕಿಂತ ಮುಖ್ಯ ಎನಿಸುವುದು ಮಾರನೆಯ ಬೆಳಗಿನ ಪರೀಕ್ಷೆ. ಎದ್ದಾಗ ನೋವು, ಬಿಗಿತ ಎಂದಿನಷ್ಟೇ ಇದ್ದರೆ ನಿನ್ನೆಯ ಪ್ರಮಾಣ ಸರಿಯಿತ್ತು. ಹೆಚ್ಚಾಗಿದ್ದರೆ ನಿನ್ನೆ ಮಿತಿ ಮೀರಿದೆ.

ಉಳುಕು

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಮ್ಮ ಊರಿನ ಫುಟ್‌ಪಾತ್ ಕೃಪೆಯಿಂದ ಆಡದವರಿಗೂ ಆಗುವ ಗಾಯ ಇದು.

ಪಾದ ಒಳಮಗ್ಗುಲಾಗಿ ಮಡಚಿಕೊಂಡಾಗ ಹರಡಿನ ಹೊರಬದಿಯ ಲಿಗಮೆಂಟ್‌ಗಳಿಗೆ ಪೆಟ್ಟು, ಅದರಲ್ಲೂ ಮೊದಲು ಸಿಕ್ಕಿಬೀಳುವುದು ಅವುಗಳಲ್ಲಿ ಮುಂದಿರುವ ಎಟಿಎಫ್‌ಎಲ್. ಮೂಳೆ ಮುರಿದಿದೆಯೇ, ಎಕ್ಸ್‌ರೇ ಬೇಕೇ ಎಂಬುದಕ್ಕೆ ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ನಿಯಮಗಳಿವೆ. ಹರಡಿನ ಎರಡೂ ಗಂಟುಗಳ ಹಿಂದಂಚು ಮತ್ತು ತುದಿಯ ಕೊನೆಯ 6 ಸೆಂಟಿಮೀಟರ್ ಒತ್ತಿ ನೋಡಿ. ಕಿರುಬೆರಳಿನ ಕಡೆಯ ಪಾದದ ಮೂಳೆ, 5ನೇ ಮೆಟಾಟಾರ್ಸಲ್‌ನ ಬುಡ ಒತ್ತಿ, ಒಳಬದಿಯ ನ್ಯಾವಿಕ್ಯುಲರ್ ಮೂಳೆ ಒತ್ತಿ. ಎಲ್ಲಾದರೂ ಮೂಳೆಯ ಮೇಲೆಯೇ ನೋವಿದ್ದರೆ, ಇಲ್ಲವೇ ಬಿದ್ದ ತಕ್ಷಣವೂ ಈಗಲೂ 4 ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ. ಇವ್ಯಾವುವೂ ಇಲ್ಲವಾದರೆ ಮೂಳೆ ಮುರಿದಿರುವ ಸಂಭವ ತೀರಾ ಕಡಿಮೆ.

ನಮ್ಮಲ್ಲಿ ಈ ಪರೀಕ್ಷೆಗೆ ಮುಂಚೆಯೇ "ಉಳುಕು ತೆಗೆಸುವ" ಕಾರ್ಯಕ್ರಮ ಮುಗಿದಿರುತ್ತದೆ. ಎಣ್ಣೆ ಹಚ್ಚಿ ನೀವಿ, ಲಟಕ್ ಅಂತ ಎಳೆದಿರುತ್ತಾರೆ. ಅಜ್ಜಿಯ ಕೈಯನ್ನು ಆಡಿಕೊಳ್ಳುವ ಚಪಲ ಬೇಡ. ಆದರೆ ಮೊದಲ 2-3 ದಿನ, ಒಳಗಿನ ಸಣ್ಣ ರಕ್ತನಾಳಗಳು ಇನ್ನೂ ಸೋರುತ್ತಿರುವಾಗ ಜೋರಾಗಿ ನೀವಿದರೆ ಬಾವು ಹೆಚ್ಚುತ್ತದೆ, ಮೂಳೆ ಬಿರುಕು ಬಿಟ್ಟಿದ್ದರೆ ಅದು ಜರುಗಲೂಬಹುದು. ಇಷ್ಟನ್ನು ಮನೆಯವರಿಗೆ ಸಮಾಧಾನವಾಗಿ ಹೇಳಬೇಕು.

ಇನ್ನು ಐಸ್. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲೆತ್ತಿಡುವುದು ಎಂಬ ರೈಸ್ (RICE, ಇಂಗ್ಲಿಷ್ ಮೊದಲಕ್ಷರಗಳ) ಸೂತ್ರಕ್ಕೆ ಹೆಸರಿಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, 1978ರಲ್ಲಿ. ಐಸ್ ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದು ಎಂದು 2014ರ ಹೊತ್ತಿಗೆ ಅವರೇ ಬರೆದರು. ತಮ್ಮ ಸೂತ್ರವನ್ನು ತಾವೇ ತಿದ್ದಿಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಉರಿಯೂತ ಅಂದರೆ ಶತ್ರುವಲ್ಲ, ರಿಪೇರಿಗೆ ಬಂದ ಆಳುಗಳು. ಮೊದಲ ಕೆಲವು ದಿನ ಅವರು ಕಸ ತೆಗೆಯುತ್ತಾರೆ, ಮುಂದಿನ ಕೆಲವು ವಾರ ತಾತ್ಕಾಲಿಕ ಕೊಲಾಜೆನ್ ಎಳೆಗಳನ್ನು ಅಡ್ಡಾದಿಡ್ಡಿ ಕಟ್ಟುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಆ ಎಳೆಗಳನ್ನು ಭಾರ ಬೀಳುವ ದಿಕ್ಕಿಗೆ ನೇರ ಮಾಡುತ್ತಾರೆ. ಭಾರವೇ ಬೀಳದಿದ್ದರೆ ಯಾವ ದಿಕ್ಕಿಗೆ ಅಂತ ಅವರಿಗೆ ಹೇಳುವವರು ಯಾರು? ನೋವು ತಗ್ಗಿಸಲು ಆಗೊಮ್ಮೆ ಈಗೊಮ್ಮೆ 10 ನಿಮಿಷ ಐಸ್ ಇಟ್ಟರೆ ನಾನಂತೂ ಬೇಡ ಅನ್ನುವುದಿಲ್ಲ. ಅದನ್ನೇ ಚಿಕಿತ್ಸೆ ಅಂದುಕೊಳ್ಳಬಾರದು, ಅಷ್ಟೇ.

ಆದ್ದರಿಂದ ಸಾಧಾರಣ ಉಳುಕಿಗೆ ಬ್ರೇಸ್ ಅಥವಾ ಟೇಪ್ ಹಾಕಿ, ನೋವು ಬಿಟ್ಟಷ್ಟು ಬೇಗ ಕಾಲೂರಿ ನಡೆಸಿ. ಮುಂದೆ ಹಿಮ್ಮಡಿ ಎತ್ತುವುದು, ಆಮೇಲೆ ಒಂಟಿಕಾಲಲ್ಲಿ ನಿಲ್ಲುವುದು, ಕಣ್ಣು ಮುಚ್ಚಿ ನಿಲ್ಲುವುದು, ದಿಂಬಿನ ಮೇಲೆ ನಿಲ್ಲುವುದು. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದೇಕೆಂದರೆ ಲಿಗಮೆಂಟ್ ಜೊತೆಗೆ ಅದರಲ್ಲಿದ್ದ ಅರಿವಿನ ನರತುದಿಗಳಿಗೂ ಪೆಟ್ಟಾಗಿರುತ್ತದೆ. ಪಾದ ಎಲ್ಲಿದೆ ಎಂಬುದು ಮೆದುಳಿಗೆ ತಡವಾಗಿ ತಿಳಿಯುತ್ತದೆ. ಊತ ಇಳಿದ ಕೂಡಲೇ ರೋಗಿ ಓಪಿಡಿಗೆ ಬರುವುದನ್ನು ನಿಲ್ಲಿಸುತ್ತಾರೆ, ಈ ಬ್ಯಾಲೆನ್ಸ್ ಭಾಗವೇ ಬಾಕಿ ಉಳಿಯುತ್ತದೆ.

ಮೂಳೆ ಬೇರೆ ಲೆಕ್ಕ

ಮೇಲೆ ಹೇಳಿದ "ಸ್ವಲ್ಪ ನೋವಿದ್ದರೂ ಮಾಡಿ" ಎಂಬುದು ಮೂಳೆಗೆ ಅನ್ವಯಿಸುವುದಿಲ್ಲ. 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟ ಹತ್ತಿರ ಬಂದ ಹಾಗೆ ಕಬ್ಬನ್ ಪಾರ್ಕ್‌ನಲ್ಲಿ ಹೊಸ ಓಟಗಾರರು ಹೆಚ್ಚುತ್ತಾರೆ, ಅವರ ಹಿಂದೆಯೇ ಮೊಣಕಾಲ ಕೆಳಗಿನ ಎಲುಬಿನ ನೋವೂ ಬರುತ್ತದೆ. ಎಲ್ಲಿ ನೋವು ಅಂತ ಕೇಳಿ, ಕೈ ನೋಡಿ. ಎಲುಬಿನ ಒಳಅಂಚಿನುದ್ದಕ್ಕೂ ಅಂಗೈ ಸವರಿದರೆ ಅದು ಬಹುಮಟ್ಟಿಗೆ ಶಿನ್ ಸ್ಪ್ಲಿಂಟ್, ಅಂದರೆ ಎಲುಬಿನ ಅಂಚಿನ ಅತಿಬಳಕೆಯ ನೋವು. ಒಂದೇ ಬೆರಳಿಟ್ಟು "ಇಲ್ಲೇ" ಅಂದರೆ, ರಾತ್ರಿಯೂ ನೋಯುತ್ತದೆ ಅಂದರೆ, ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಬಿದ್ದ ಭಾರದಿಂದ ಮೂಳೆಯಲ್ಲಾಗುವ ಸಣ್ಣ ಬಿರುಕು) ಇರಬಹುದೆಂದು ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಆರಂಭದ ಎಕ್ಸ್‌ರೇ ಸ್ವಚ್ಛವಾಗಿ ಕಂಡರೆ ಮೋಸ ಹೋಗಬೇಡಿ, ಎಂಆರ್‌ಐನಲ್ಲಿ ಮಾತ್ರ ಕಾಣುವ ಹಂತವೂ ಇದೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯದನ್ನು ಕೆರೆದು ತೆಗೆದು ಆಮೇಲೆ ಹೊಸದನ್ನು ಕಟ್ಟುತ್ತದೆ, ಹಾಗಾಗಿ ಅಭ್ಯಾಸ ಶುರುವಾದ ಕೆಲವು ವಾರ ಅದು ಮೊದಲಿಗಿಂತ ದುರ್ಬಲವಾಗಿರುತ್ತದೆ. ವೇಗದ ಬೌಲರ್‌ಗಳ ಸೊಂಟದಲ್ಲೂ ಇದೇ ಕಥೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಬದಿಯಲ್ಲಿ ಬಿರುಕು ಬಿಡುತ್ತದೆ. ಹುಡುಗಿಯರಲ್ಲಿ ಮುಟ್ಟು ನಿಂತಿದೆಯೇ, ಊಟ ಸಾಲುತ್ತಿದೆಯೇ ಎಂದು ಸಂಕೋಚ ಬಿಟ್ಟು ಕೇಳಿ. ಊಟ ಸಾಲದ ಮೈಯಲ್ಲಿ ಮೂಳೆ ಕಟ್ಟುವುದಿಲ್ಲ.

ಗಾಯಕ್ಕೆ ಮುಂಚೆ

ತಡೆಯುವ ವಿಷಯದಲ್ಲಿ ಎರಡಕ್ಕೆ ಒಳ್ಳೆಯ ಆಧಾರವಿದೆ. ಫಿಫಾದ 11+ ಎಂಬ ವಾರ್ಮ್‌ಅಪ್, ಸುಮಾರು 20 ನಿಮಿಷ, 15 ವ್ಯಾಯಾಮ. 2008ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಫುಟ್‌ಬಾಲ್ ಆಡುವ ಹುಡುಗಿಯರ ಗಾಯಗಳು ಸುಮಾರು ಮೂರರಲ್ಲೊಂದು ಪಾಲು ತಗ್ಗಿದವು. ಇನ್ನೊಂದು ನಾರ್ಡಿಕ್ ವ್ಯಾಯಾಮ: ಮಂಡಿಯೂರಿ, ಜೊತೆಗಾರ ಹಿಮ್ಮಡಿ ಒತ್ತಿಹಿಡಿದಿರಲು, ಮೈಯನ್ನು ನೆಟ್ಟಗೆ ಮುಂದಕ್ಕೆ ಇಳಿಸುತ್ತಾ ಹೋಗುವುದು. ಇದನ್ನು ರೂಢಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಆಟಕ್ಕೆ ಮುಂಚೆ ನಿಂತಲ್ಲೇ ಕಾಲು ಎಳೆದು ಹಿಡಿಯುವ ಸ್ಟ್ರೆಚಿಂಗ್ ಮೇಲೆ ನಮ್ಮವರಿಗಿರುವ ಭಕ್ತಿಗೆ ಇಷ್ಟು ಆಧಾರವಿಲ್ಲ. ಗರಡಿ ಮನೆಯ ಉಸ್ತಾದರು ಆಧಾರ ಗೀಧಾರ ಕೇಳದೆ ಮೊದಲು ಬಸ್ಕಿ ಹೊಡೆಸುತ್ತಿದ್ದರು, ಆಮೇಲೆ ಅಖಾಡಕ್ಕೆ ಬಿಡುತ್ತಿದ್ದರು.

ನೋವು ತಗ್ಗಿಸಲು ವಿದ್ಯುತ್ತು, ಶಬ್ದತರಂಗ ಬಿಡುವ ಯಂತ್ರಗಳ ಬಗ್ಗೆ: ಐಎಫ್‌ಟಿ, ಅಲ್ಟ್ರಾಸೌಂಡ್ ಎರಡನ್ನೂ ಪರೀಕ್ಷೆಗೆಂದು ಓದಿಕೊಳ್ಳಿ. ರೋಗಿ ಅರ್ಧ ಗಂಟೆ ಯಂತ್ರದ ಕೆಳಗೆ ಮಲಗಿ, 5 ನಿಮಿಷ ವ್ಯಾಯಾಮ ಮಾಡಿ ಹೋಗುತ್ತಿದ್ದರೆ ಸಮಯ ತಲೆಕೆಳಗಾಗಿದೆ ಅಂತ ನನ್ನ ಅಭಿಪ್ರಾಯ.

ಯಾವಾಗ ಆಡಬಹುದು ಸಾರ್?

ಮರಳುವುದು ಒಂದು ತಾರೀಖಲ್ಲ. 2016ರ ಒಮ್ಮತದ ಹೇಳಿಕೆಯೊಂದು ಇದನ್ನು ಮೂರು ಮೆಟ್ಟಿಲಾಗಿ ನೋಡುತ್ತದೆ: ಅಭ್ಯಾಸದಲ್ಲಿ ಭಾಗವಹಿಸುವುದು, ಆಟಕ್ಕೆ ಮರಳುವುದು, ಹಳೆಯ ಮಟ್ಟಕ್ಕೆ ಮರಳುವುದು. ನಮ್ಮ ಕೆ.ಎಲ್. ರಾಹುಲ್ ಉದಾಹರಣೆ ನೋಡಿ. 2023ರ ಮೇ ತಿಂಗಳಲ್ಲಿ ಐಪಿಎಲ್ ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುವಾಗ ತೊಡೆಗೆ ಗಾಯ, ಶಸ್ತ್ರಚಿಕಿತ್ಸೆ, ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದ ಮೇಲೂ ಸಣ್ಣ ತೊಂದರೆಯೆಂದು ಮೊದಲ ಎರಡು ಪಂದ್ಯ ಆಡಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಎದುರು ಕಣಕ್ಕಿಳಿದು ಅಜೇಯ 111 ಹೊಡೆದರು. ನಮಗೆಲ್ಲ 111 ನೆನಪಿದೆ, ಫಿಸಿಯೋ ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಆಡಿಸದೆ ಕೂರಿಸಿದ ಆ ಎರಡು ಪಂದ್ಯ.

ಎಸಿಎಲ್ ಶಸ್ತ್ರಚಿಕಿತ್ಸೆಯಾದವರಿಗೆ 9 ತಿಂಗಳ ಮುಂಚೆ ಹಸಿರು ದೀಪ ತೋರಿಸಬೇಡಿ. 9 ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧ ಇಳಿದದ್ದನ್ನು 2016ರ ಅಧ್ಯಯನವೊಂದು ಕಂಡಿದೆ. ತಿಂಗಳು ತುಂಬಿದರಷ್ಟೇ ಸಾಲದು, ಕಾಲೂ ತಯಾರಿರಬೇಕು. ಅದಕ್ಕೆ ಹಾಪ್ ಟೆಸ್ಟ್, ಅಂದರೆ ಟೇಪ್ ಹಿಡಿದು ಆಡಿಸುವ ಕುಂಟೆಬಿಲ್ಲೆ. ಚೆನ್ನಾಗಿರುವ ಕಾಲಲ್ಲಿ 120 ಸೆಂಟಿಮೀಟರ್ ಹಾರಿದರೆ ಗಾಯದ ಕಾಲಲ್ಲಿ ಕನಿಷ್ಠ 108 ಹಾರಬೇಕು, ಶೇ. 90. ಇಲ್ಲೊಂದು ಮೋಸವಿದೆ. 9 ತಿಂಗಳು ಆಡದೆ ಕೂತವರ ಒಳ್ಳೆಯ ಕಾಲೂ ಸೊರಗಿರುತ್ತದೆ, ಸೊರಗಿದ್ದಕ್ಕೆ ಹೋಲಿಸಿದರೆ ಯಾವುದೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಒಳ್ಳೆಯ ಕಾಲಿನ ಅಳತೆಯನ್ನು ಆದಷ್ಟು ಮೊದಲೇ, ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಮುಂಚೆ, ಬರೆದಿಟ್ಟುಕೊಳ್ಳಿ. ಹಾರಿದ ದೂರದಷ್ಟೇ ಇಳಿದ ರೀತಿಯನ್ನೂ ನೋಡಿ, ಮಂಡಿ ಒಳಕ್ಕೆ ವಾಲಿತೇ ಅಂತ.

ಕೊನೆಗೆ ಚೀಟಿಯ ವಿಷಯ. 8 ವ್ಯಾಯಾಮ ಬರೆದುಕೊಟ್ಟರೆ ಒಂದನ್ನೂ ಮಾಡುವುದಿಲ್ಲ, ನಾನು ನೋಡಿದ್ದೇನೆ. ಎರಡು ಬರೆಯಿರಿ, ಕನ್ನಡದಲ್ಲಿ ಬರೆಯಿರಿ, ಅವರು ಹೇಗೂ ಮಾಡುವ ಕೆಲಸಕ್ಕೆ ಗಂಟುಹಾಕಿ. ಉಳುಕಿನ ಶಟಲ್ ಆಟಗಾರರೊಬ್ಬರಿಗೆ ನಾನು ಬರೆದದ್ದು ಇಷ್ಟೇ: "ಹಲ್ಲುಜ್ಜುವಾಗ ಒಂಟಿಕಾಲು. ಹಾಲು ಕಾಯುವವರೆಗೆ ಹಿಮ್ಮಡಿ ಎತ್ತುವುದು." 6 ವಾರವಾದ ಮೇಲೆ ಬಂದು ದೂರು ಹೇಳಿದರು, ಕಾಲು ಸರಿಹೋಗಿದೆ, ಆದರೆ ಎರಡು ಸಲ ಹಾಲು ಉಕ್ಕಿತಂತೆ.